ಹೋಮ್ಸ್‌ನನ್ನು ಕೊಂದದ್ದು ಯಾರು?

ಕಳೆದ ವಾರ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೆದಕುತ್ತಿದ್ದಾಗ ಆರ್ಥರ್ ಕಾನನ್ ಡಾಯ್ಲ್‌ನ 'ದಿ ವೈಟ್ ಕಂಪನಿ' ಸಿಕ್ಕಿತು. ಷರ್ಲಾಕ್ ಹೋಮ್ಸ್ ಬರೆದ ಪುಣ್ಯಾತ್ಮ ತಾನೇ ಅಂತ ಚೌಕಾಶಿ ಮಾಡಿ ತಂದೆ. ನಲವತ್ತನೇ ಪುಟ ದಾಟಲಾಗಲಿಲ್ಲ. ಆಮೇಲೆ ತಿಳಿಯಿತು, ಡಾಯ್ಲ್‌ಗೆ ತನ್ನ ಬರಹಗಳಲ್ಲೆಲ್ಲ ತೀರಾ ಹೆಮ್ಮೆ ಇದ್ದದ್ದು ಇದರ ಮೇಲೆ, ಮತ್ತು ಇದರ ಜೋಡಿ ಕಾದಂಬರಿ 'ಸರ್ ನೈಜೆಲ್' ಮೇಲೆ. ಹೋಮ್ಸ್ ಅಂದರೆ ಅವನಿಗೆ ತಲೆನೋವು!

ಡಾಯ್ಲ್ ವೃತ್ತಿಯಲ್ಲಿ ಡಾಕ್ಟರ್. ಮೊದಲ ಹೋಮ್ಸ್ ಕಾದಂಬರಿ ಅಚ್ಚಾದದ್ದು 1887ರಲ್ಲಿ. ಅದರ ಹಕ್ಕನ್ನು ಬರೀ 25 ಪೌಂಡಿಗೆ ಮಾರಿಬಿಟ್ಟಿದ್ದ. 1891ರ ಜುಲೈಯಿಂದ 'ಸ್ಟ್ರ್ಯಾಂಡ್' ಮಾಸಪತ್ರಿಕೆಯಲ್ಲಿ ಹೋಮ್ಸ್‌ನ ಸಣ್ಣ ಕತೆಗಳು ಶುರುವಾದವು, ಜನ ಮುಗಿಬಿದ್ದರು. ಅದೇ ವರ್ಷ 'ಕಾರ್ನ್‌ಹಿಲ್' ಪತ್ರಿಕೆಯಲ್ಲಿ 'ವೈಟ್ ಕಂಪನಿ' ಧಾರಾವಾಹಿಯಾಗಿ ಬರುತ್ತಿತ್ತು. ಹದಿನಾಲ್ಕನೇ ಶತಮಾನದ ಇಂಗ್ಲೆಂಡಿನ ಬಿಲ್ಲುಗಾರರ ಕತೆ. ಅದಕ್ಕಾಗಿ ರಾಶಿ ಪುಸ್ತಕ ಓದಿದ್ದ.

ಆ ವರ್ಷದ ಕೊನೆಗೇ ಹೋಮ್ಸ್‌ನನ್ನು ಮುಗಿಸುವ ಯೋಚನೆ ಮಾಡಿ ಅಮ್ಮನಿಗೆ ಕಾಗದ ಬರೆದ. ಅಮ್ಮ ಬೇಡವೇ ಬೇಡ ಅಂದಳು. ದುಡ್ಡು ಜಾಸ್ತಿ ಕೇಳಿದರೆ ಪತ್ರಿಕೆಯವರೇ ಬಿಟ್ಟಾರು ಅಂತ 12 ಕತೆಗೆ 1000 ಪೌಂಡ್ ಕೇಳಿದ. ಅವರು ಹೂಂ ಅಂದರು :) ಕೊನೆಗೆ 1893ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ರೈಕನ್‌ಬಾಕ್ ಜಲಪಾತಕ್ಕೆ ಹೋಮ್ಸ್‌ನನ್ನು ಬೀಳಿಸಿಯೇಬಿಟ್ಟ. ಇಪ್ಪತ್ತು ಸಾವಿರ ಚಂದಾದಾರರು ಪತ್ರಿಕೆ ಬಿಟ್ಟರು ಅನ್ನುತ್ತಾರೆ.

1901ರಲ್ಲಿ ಬಾಸ್ಕರ್‌ವಿಲ್ ನಾಯಿಯ ಕತೆ ಬರೆದ, ಆದರೆ ಅದು ಹೋಮ್ಸ್ ಸಾಯುವ ಮುಂಚಿನದು ಅಂತ ಜಾಣತನ ಮಾಡಿದ. 1903ರಲ್ಲಿ ಒಳ್ಳೇ ದುಡ್ಡು ಬಂದಾಗ ಸೋತು ಅವನನ್ನು ಬದುಕಿಸಿದ. 1927ರವರೆಗೂ ಬರೆಯುತ್ತಲೇ ಇದ್ದ, ಒಟ್ಟು 60 ಕತೆ-ಕಾದಂಬರಿ. ಹೋಮ್ಸ್ ಇಲ್ಲದಿದ್ದರೆ ಸಾಹಿತ್ಯದಲ್ಲಿ ತನಗೆ ಇನ್ನೂ ದೊಡ್ಡ ಸ್ಥಾನ ಸಿಗುತ್ತಿತ್ತೇನೋ ಅನ್ನುವ ಕೊರಗು ಮಾತ್ರ ಹೋಗಲಿಲ್ಲ.

ಹಾಗಂತ ಜನ 'ವೈಟ್ ಕಂಪನಿ'ಯನ್ನು ಮೂಸಿ ನೋಡಲಿಲ್ಲ ಅಂತಲ್ಲ. ಅವನ ಕಾಲದಲ್ಲೇ ಅದು ಮತ್ತೆ ಮತ್ತೆ ಅಚ್ಚಾಯಿತು. ಉಳಿದದ್ದು ಮಾತ್ರ ಹೋಮ್ಸ್.

ಯಾಕೆ ಹೀಗೆ? ನನ್ನದೂ ಒಂದು ಕತೆ ಇದೆ. ಹಿಂದೆ ಕೆಲಸದಲ್ಲಿದ್ದ ಕಡೆ ಮೂರು ತಿಂಗಳು ನಿದ್ದೆಗೆಟ್ಟು ಒಂದು ಮಾಡ್ಯೂಲ್ ಬರೆದೆ. ಯಾರೂ ಒಂದು ಮಾತಾಡಲಿಲ್ಲ. ಊಟದ ಬಿಡುವಿನಲ್ಲಿ, ಲಾಗ್ ಫೈಲ್ ನೋಡಿ ನೋಡಿ ಬೇಸತ್ತು ಗೀಚಿದ ಪುಟ್ಟ ಸ್ಕ್ರಿಪ್ಟನ್ನು ಈಗಲೂ ಎಲ್ಲರೂ ಬಳಸುತ್ತಾರಂತೆ. ಬಹಳ ದಿನ ಸಿಟ್ಟಿತ್ತು.

ಈಗ ಅನ್ನಿಸುವುದು, ನಾವು ನಮ್ಮ ಕೆಲಸವನ್ನು ಸುರಿಸಿದ ಬೆವರಿನಿಂದ ಅಳೆಯುತ್ತೇವೆ. ಓದುಗನಿಗೆ ಆ ಬೆವರು ಕಾಣುವುದಿಲ್ಲ. ಬಿಲ್ಲುಗಾರರನ್ನು ಡಾಯ್ಲ್ ಪುಸ್ತಕಗಳಿಂದ ಕಟ್ಟಿದ. ಹೋಮ್ಸ್ ಮಾತ್ರ ಅವನ ಕಣ್ಣೆದುರೇ ಇದ್ದ: ಎಡಿನ್‌ಬರೋದಲ್ಲಿ ಅವನಿಗೆ ಪಾಠ ಹೇಳಿದ ಡಾ. ಜೋಸೆಫ್ ಬೆಲ್, ರೋಗಿ ಬಾಯಿ ಬಿಡುವ ಮುಂಚೆಯೇ ಅವನ ಕಸುಬು ಹೇಳಿಬಿಡುತ್ತಿದ್ದವರು. ಕಷ್ಟಪಡದೆ ಬಂದದ್ದು ಅಂತ ಅದನ್ನು ಡಾಯ್ಲ್ ಹಗುರವಾಗಿ ಕಂಡನೋ ಏನೋ.

ಆದರೂ 'ವೈಟ್ ಕಂಪನಿ' ಟೇಬಲ್ ಮೇಲೇ ಇದೆ. ಅಷ್ಟು ಪ್ರೀತಿಯಿಂದ ಬರೆದವನಿಗೋಸ್ಕರ ನಲವತ್ತೊಂದನೇ ಪುಟ ತೆಗೆಯಬೇಕು. ನಿಮ್ಮಲ್ಲಿ ಯಾರಾದರೂ ಪೂರ್ತಿ ಓದಿದ್ದೀರಾ?