ವಿಂಡೋಸ್ ಎಕ್ಸ್‌ಪಿಯ ನಿವೃತ್ತಿ

ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು 2001ರ ಅಕ್ಟೋಬರ್ 25ರಂದು ಹೊರತಂದ ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ತೊರೆದು, ನವೀನವಾದುದನ್ನು ಗಣಕಯಂತ್ರಗಳಲ್ಲಿ ಪ್ರತಿಷ್ಠಾಪಿಸಿದ ಕಾರ್ಯವು ಅತಿ ದೀರ್ಘಕಾಲ ನಡೆದುದು. ಅದರ ಉತ್ತರಾಧಿಕಾರಿಯಾಗಿ 2007ರಲ್ಲಿ ಬಂದ ವಿಸ್ಟಾ ಹೆಚ್ಚಿನ ಮೆಮೊರಿಯನ್ನೂ ಬಲಿಷ್ಠತರ ಯಂತ್ರವನ್ನೂ ಅಪೇಕ್ಷಿಸಿದುದರಿಂದ ಜನಾದರಕ್ಕೆ ಪಾತ್ರವಾಗಲಿಲ್ಲ. 2009ರಲ್ಲಿ ವಿಂಡೋಸ್ 7 ಬಂದ ಮೇಲೆಯೇ ಬಹುಮಂದಿ ಹಳೆಯದನ್ನು ಬಿಡಲು ಮನಸ್ಸು ಮಾಡಿದರು. ಆದರೆ ಎಕ್ಸ್‌ಪಿಯಿಂದ ಇದಕ್ಕೆ ನೇರವಾಗಿ ಏರುವ ಮಾರ್ಗವಿರಲಿಲ್ಲವಾಗಿ, ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಂಡು, ಹೊಸ ವ್ಯವಸ್ಥೆಯನ್ನು ಮೊದಲಿನಿಂದ ಸ್ಥಾಪಿಸಿ, ಒಂದೊಂದು ತಂತ್ರಾಂಶವನ್ನೂ ಪ್ರಿಂಟರ್ ಮೊದಲಾದ ಉಪಕರಣಗಳ ಡ್ರೈವರುಗಳನ್ನೂ ಪುನಃ ಅಳವಡಿಸಬೇಕಾಗುತ್ತಿತ್ತು. ಹೊಸ ಡ್ರೈವರು ದೊರೆಯದ ಮಾತ್ರಕ್ಕೆ ಸುಸ್ಥಿತಿಯಲ್ಲಿದ್ದ ಉಪಕರಣವೂ ಮೂಲೆ ಸೇರುತ್ತಿದ್ದುದು ಅನ್ಯಾಯವೇ ಸರಿ.

2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ಕೊನೆಗೊಂಡಿತು. ಆದರೂ 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವಿನಾಶಕ ತಂತ್ರಾಂಶವು ಲೋಕವ್ಯಾಪಿಯಾಗಿ ಹಬ್ಬಿದಾಗ, ತಾನೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಆ ಸಂಸ್ಥೆ ಸುರಕ್ಷತಾ ಪರಿಷ್ಕರಣೆಯೊಂದನ್ನು ನೀಡಬೇಕಾಯಿತು. ಭಾರತದಲ್ಲಿ ಬ್ಯಾಂಕುಗಳ ಎಟಿಎಂಗಳೊಳಗೆ ಎಕ್ಸ್‌ಪಿ ಇನ್ನೂ ಉಳಿದುಕೊಂಡಿದ್ದುದನ್ನು ಕಂಡು, ರಿಸರ್ವ್ ಬ್ಯಾಂಕು 2018ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ, ಬೆಂಬಲವುಳ್ಳ ವ್ಯವಸ್ಥೆಗೆ ಅವೆಲ್ಲವನ್ನೂ 2019ರ ಜೂನ್ ವೇಳೆಗೆ ಹಂತಹಂತವಾಗಿ ಬದಲಾಯಿಸತಕ್ಕದ್ದೆಂದು ವಿಧಿಸಿತು.