ಗ್ರಾಮೀಣ ಪ್ರೌಢಶಾಲೆ: ಮುಶಿಗೇರಿ ಮತ್ತು ರೋಣ–ಗಜೇಂದ್ರಗಡ ಸೀಮೆ

ರೋಣ–ಗಜೇಂದ್ರಗಡ ಸೀಮೆಯ ಹಳ್ಳಿಗಳಿಗೆ ಪ್ರೌಢಶಿಕ್ಷಣ ತಲುಪಿದ್ದು ತಡವಾಗಿ. ಎಷ್ಟು ಮಂದಿ ಓದಿದರು ಎಂಬುದನ್ನು ಇಲ್ಲಿ ಮಕ್ಕಳ ಜಾಣತನಕ್ಕಿಂತ ಹೆಚ್ಚಾಗಿ ಮನೆಯಿಂದ ಸಾಲಿಗಿರುವ ದೂರವೇ ನಿರ್ಧರಿಸಿತು. ಮುಶಿಗೇರಿ ಈ ಸೀಮೆಯ ಹಳ್ಳಿ. 2018ರಲ್ಲಿ ಗಜೇಂದ್ರಗಡ ತಾಲ್ಲೂಕು ಅಸ್ತಿತ್ವಕ್ಕೆ ಬರುವವರೆಗೆ ರೋಣ ತಾಲ್ಲೂಕಿನಲ್ಲಿತ್ತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಇದೆಲ್ಲ ಧಾರವಾಡ ಜಿಲ್ಲೆ, 1956ಕ್ಕೂ ಹಿಂದೆ ಮುಂಬಯಿ ಆಡಳಿತದ ಪ್ರದೇಶ.

ಮುಂಬಯಿ ಪ್ರಾಂತದ ಈ ಭಾಗದ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈಯಾಗಿದ್ದ ಕಾಲದಲ್ಲಿ ಕನ್ನಡ ಸಾಲಿಗಳನ್ನು ಬೆಳೆಸಲು ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ದುಡಿದರು. ಹಳ್ಳಿಯ ಕನ್ನಡ ಸಾಲಿಯ ಕೊನೆಯ ಮೆಟ್ಟಿಲು ಏಳನೆಯ ಇಯತ್ತೆಯ (ತರಗತಿಯ) ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವರು ಮಾಸ್ತರಿಕೆಗೋ ತಲಾಠಿ (ಗ್ರಾಮಲೆಕ್ಕಿಗ) ಕೆಲಸಕ್ಕೋ ಸೇರಬಹುದಿತ್ತು. ಊರಿನಲ್ಲಿ ಅದು ದೊಡ್ಡ ಗೌರವ. ಮುಂದೆ ಇಂಗ್ಲಿಷ್ ಕಲಿತು ಮ್ಯಾಟ್ರಿಕ್‌ಗೆ ಕೂಡಬೇಕೆಂದರೆ ಗದಗ, ಧಾರವಾಡದಂಥ ಊರುಗಳಿಗೆ ಹೋಗಿ ನೆಂಟರ ಮನೆಯಲ್ಲೋ ಮಠದ ಪ್ರಸಾದ ನಿಲಯದಲ್ಲೋ ಇರಬೇಕಿತ್ತು. ಗಂಡುಹುಡುಗರಲ್ಲಿಯೇ ಕೆಲವರಿಗಷ್ಟೇ ಇದು ಸಾಧ್ಯವಾಯಿತು. ಹೆಣ್ಣುಮಕ್ಕಳ ಓದು ಬಹುತೇಕ ಊರ ಸಾಲಿಯಲ್ಲೇ ನಿಂತುಹೋಯಿತು.

ಹಳ್ಳಿಗೂ ಪ್ರೌಢಶಿಕ್ಷಣಕ್ಕೂ ನಡುವಿನ ಅಂತರವನ್ನು ಮೊದಲು ಕಡಿಮೆ ಮಾಡುವಲ್ಲಿ ಮಠಗಳ ಪಾತ್ರ ದೊಡ್ಡದು. ಹಾಲಕೆರೆಯ ಅನ್ನದಾನೇಶ್ವರ ಮಠದ ಆಶ್ರಯದ ವಿದ್ಯಾಸಂಸ್ಥೆಗಳು ನರೇಗಲ್ಲನ್ನು ಸುತ್ತಲ ಹಳ್ಳಿಗಳ ಕಲಿಕೆಯ ಕೇಂದ್ರವಾಗಿಸಿದವು. 1956ರ ಏಕೀಕರಣದ ನಂತರ ಹಳೆಯ ಮುಂಬಯಿ ಪದ್ಧತಿ ಹೋಗಿ, ಎಂಟರಿಂದ ಹತ್ತನೆಯ ತರಗತಿವರೆಗಿನ ಪ್ರೌಢಶಾಲೆ ರಾಜ್ಯದುದ್ದಕ್ಕೂ ಒಂದೇ ಮಾದರಿಯಾಯಿತು. 1982ರ ಗೋಕಾಕ್ ಚಳವಳಿ ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆಯ ಸ್ಥಾನ ಕನ್ನಡಕ್ಕೇ ಸಿಗಬೇಕೆಂದು ಹೋರಾಡಿತು. ಈ ಸೀಮೆಯ ಹಳ್ಳಿಗಳಲ್ಲಿ ಗಣಿತ, ವಿಜ್ಞಾನವನ್ನೂ ಮಕ್ಕಳು ಮುಖ್ಯವಾಗಿ ಕನ್ನಡದಲ್ಲೇ ಕಲಿತರು.

ಹಳ್ಳಿಗೆ ಸರ್ಕಾರಿ ಪ್ರೌಢಶಾಲೆ ಮಂಜೂರಾದರೆ ಸಾಲದು, ಜಾಗ ಬೇಕು. ಉತ್ತರ ಕರ್ನಾಟಕದಲ್ಲಿ ಅನೇಕ ಕಡೆ ಹೊಲ ಬಿಟ್ಟುಕೊಟ್ಟವರು ಊರವರೇ. ಕಟ್ಟಡ ಏಳುವವರೆಗೆ ಗುಡಿಯಲ್ಲೋ ಪ್ರಾಥಮಿಕ ಶಾಲೆಯ ಕೋಣೆಯಲ್ಲೋ ತರಗತಿ ನಡೆದವು. ಭೂದಾನಿಗಳ ಹೆಸರು ಕೆತ್ತಿದ ಕಲ್ಲು, ಹಳೆಯ ವಿದ್ಯಾರ್ಥಿಗಳ ಗುರುವಂದನೆ, ದಾನಿಗಳು ಇಟ್ಟ ದತ್ತಿ ಬಹುಮಾನ ಇವೆಲ್ಲ ಊರಿಗೂ ಶಾಲೆಗೂ ಇರುವ ಸಂಬಂಧದ ಗುರುತುಗಳು. ಇಂಥ ಶಾಲೆಯನ್ನು ಬರೀ ಇಲಾಖೆಯ ಕಚೇರಿಯೆಂದು ನೋಡಿದರೆ ಅದರ ಅರ್ಧ ಚರಿತ್ರೆ ತಪ್ಪಿಹೋಗುತ್ತದೆ.

ಹಾಜರಿ ಒಕ್ಕಲುತನದೊಂದಿಗೆ ಏರಿಳಿಯುತ್ತದೆ. ಮುಂಗಾರಿನ ಹೆಸರುಕಾಯಿ ಬಿಡಿಸುವಾಗ ಮಕ್ಕಳೂ ಹೊಲಕ್ಕೆ ಬೇಕಾಗುತ್ತಾರೆ. ಹಿಂಗಾರಿನ ಬಿಳಿಜೋಳ, ಕಡಲೆಯ ಸುಗ್ಗಿ ಬರುವುದು ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾಗುವ ಹೊತ್ತಿಗೇ. ಹತ್ತನೆಯ ತರಗತಿಯವರಿಗೆ ಇದು ನಿಜವಾದ ಇಕ್ಕಟ್ಟು. ಮಳೆ ಕೈಕೊಟ್ಟ ವರ್ಷ ಮನೆಮಂದಿ ಗೋವಾ, ಮಂಗಳೂರಿನ ಕಡೆ ದುಡಿಯಲು ಹೋದರೆ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೆ ಸಾಲಿ ಬಿಡುತ್ತಾರೆ.

2006–07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ಎಂಟನೆಯ ತರಗತಿಯ ಹುಡುಗಿಯರಿಗೆ ಪಕ್ಕದೂರಿನ ಹೈಸ್ಕೂಲಿನ ದಾರಿ ತೆರೆಯಿತು. ಅಕ್ಷರ ದಾಸೋಹ ಯೋಜನೆಯ ಬಿಸಿಯೂಟ 2007–08ರಿಂದ ಪ್ರೌಢಶಾಲೆಗೂ ಬಂತು. ಹತ್ತನೆಯ ತರಗತಿಯ ನಂತರ ಮಾತ್ರ ದೂರ ಮತ್ತೆ ಎದುರಾಗುತ್ತದೆ: ಪಿಯು ಕಾಲೇಜಿಗೆ ಗಜೇಂದ್ರಗಡ, ರೋಣ, ನರೇಗಲ್ಲಿನಂಥ ಊರುಗಳಿಗೆ ಬಸ್ಸು ಹಿಡಿಯಬೇಕು, ಬಸ್ಸಿನ ಸಮಯ ಹೊಂದದಿದ್ದರೆ ಹುಡುಗಿಯರ ಓದು ಅಲ್ಲಿಗೇ ನಿಲ್ಲುವುದುಂಟು.