ಭೂಗತ ತೈಲ ಕೊಳವೆಗಳ ತುಕ್ಕು ನಿವಾರಣೆ: ಕಾಯಿದೆ ಮತ್ತು ಪಾಲನೆಯ ಇತಿಹಾಸ

ಕರ್ನಾಟಕದ ಆರ್ಥಿಕ ಇತಿಹಾಸವನ್ನು ಬರೆದವರು ರೈಲುಮಾರ್ಗಗಳಿಗೂ ಅಣೆಕಟ್ಟುಗಳಿಗೂ ಕೊಟ್ಟಷ್ಟು ಗಮನವನ್ನು ನೆಲದಡಿಯ ತೈಲ ಕೊಳವೆಗಳಿಗೆ ಕೊಟ್ಟಿಲ್ಲ. ಕಣ್ಣಿಗೆ ಬೀಳದ ವಸ್ತುವಾದುದರಿಂದ ಇದು ಸಹಜವೇ ಸರಿ. ಮಂಗಳೂರಿನಿಂದ ಹೊರಟು, ಬೆಳ್ತಂಗಡಿ ತಾಲ್ಲೂಕಿನ ನೆರಿಯದ ಪಂಪು ಸ್ಥಾವರದ ಬಲದಿಂದ ಘಟ್ಟವನ್ನೇರಿ, ಹಾಸನದ ಮೂಲಕ ಬೆಂಗಳೂರಿನ ಪೂರ್ವಕ್ಕಿರುವ ದೇವನಗುಂದಿಯನ್ನು ಸೇರುವ ಸುಮಾರು 362 ಕಿಲೋಮೀಟರ್ ಉದ್ದದ ತೈಲಮಾರ್ಗವು 2003ರಲ್ಲಿ ಕಾರ್ಯಾರಂಭ ಮಾಡಿತು. ಕರಾವಳಿಯ ಜಂಬಿಟ್ಟಿಗೆಯ ನೆಲ, ಘಟ್ಟದ ಮಳೆಕಾಡು, ಬಯಲುಸೀಮೆಯ ಒಣನೆಲ ಈ ಮೂರನ್ನೂ ಹಾದುಬರುವ ಉಕ್ಕಿನ ಕೊಳವೆಗೆ ತುಕ್ಕೇ ಪ್ರಧಾನ ಶತ್ರುಗಳಲ್ಲೊಂದು. ಈ ಶತ್ರುವನ್ನು ತಡೆಯುವ ಹೊಣೆಯನ್ನು ಕಾಯಿದೆಯು ಯಾರ ಮೇಲೆ, ಯಾವಾಗ, ಎಷ್ಟರಮಟ್ಟಿಗೆ ಹೊರಿಸಿತು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಿಜ್ಞಾನದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ತೇವವುಳ್ಳ ಮಣ್ಣಿನಲ್ಲಿ ಹೂತ ಉಕ್ಕಿನಿಂದ ವಿದ್ಯುತ್ತು ಮಣ್ಣಿಗೆ ಹರಿಯುವ ಜಾಗದಲ್ಲಿ ಲೋಹವು ಸವೆಯುತ್ತದೆ. ಒಂದು ಆಂಪಿಯರ್ ಪ್ರವಾಹವು ಒಂದು ವರ್ಷ ಹೀಗೆ ಹರಿದರೆ ಸುಮಾರು 9 ಕಿಲೋಗ್ರಾಂ ಕಬ್ಬಿಣ ನಷ್ಟವಾಗುವುದು. ಕೊಳವೆಗೆ ಲೇಪನ ಹಚ್ಚುವುದು ಮೊದಲ ರಕ್ಷಣೆ. ಲೇಪನ ಬಿರುಕು ಬಿಟ್ಟೆಡೆಯಲ್ಲಿ ಹೊರಗಿನಿಂದ ವಿದ್ಯುತ್ತನ್ನು ಕೊಳವೆಯ ಕಡೆಗೇ ಹರಿಸಿ ಸವೆತವನ್ನು ತಡೆಯುವುದು ಎರಡನೆಯದು. ಇದನ್ನೇ ಕ್ಯಾಥೋಡಿಕ್ ರಕ್ಷಣೆ ಎನ್ನುವರು. ಇದರ ಮೂಲತತ್ತ್ವವನ್ನು ಹಂಫ್ರಿ ಡೇವಿ 1824ರಲ್ಲಿ ಹಡಗುಗಳ ತಾಮ್ರದ ಹೊದಿಕೆಯ ವಿಷಯದಲ್ಲಿ ಪ್ರತಿಪಾದಿಸಿದನು. 1928ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ರಾಬರ್ಟ್ ಕೂನ್ ಅದನ್ನು ಅನಿಲ ಕೊಳವೆಗೆ ಅನ್ವಯಿಸಿ, ಋಣ 0.85 ವೋಲ್ಟ್ ಎಂಬ ಅಳತೆಯನ್ನು ಸೂಚಿಸಿದನು. ಅಗೋಚರವಾದ ತುಕ್ಕನ್ನು ಒಂದು ಅಂಕಿಯಿಂದ ಪರೀಕ್ಷಿಸುವುದು ಇದರಿಂದ ಸಾಧ್ಯವಾಯಿತು. ಅಂಕಿಯೊಂದು ದೊರೆತ ಮೇಲೆಯೇ ಅದನ್ನು ಪಾಲಿಸಿರೆಂದು ವಿಧಿಸುವುದಕ್ಕೆ ಆಧಾರವೂ ದೊರೆಯುವುದು.

ಭಾರತದಲ್ಲಿ ಆದದ್ದೇನು? ಅಸ್ಸಾಮಿನ ತೈಲವನ್ನು ಬಿಹಾರದ ಬರೌನಿಗೆ ಒಯ್ಯುವ ದೀರ್ಘ ಮಾರ್ಗವು ಸಿದ್ಧವಾಗುತ್ತಿದ್ದ ಕಾಲದಲ್ಲಿ, 1962ರಲ್ಲಿ, ಪೆಟ್ರೋಲಿಯಂ ಕೊಳವೆ ಮಾರ್ಗಗಳಿಗಾಗಿ ಭೂಮಿಯ ಬಳಕೆಯ ಹಕ್ಕನ್ನು ಪಡೆಯುವ ಕಾಯಿದೆ ಜಾರಿಗೆ ಬಂದಿತು. 1977ರ ತಿದ್ದುಪಡಿಯಿಂದ ಖನಿಜಗಳ ಕೊಳವೆಗಳೂ ಅದರ ವ್ಯಾಪ್ತಿಗೆ ಸೇರಿದವು. ಈ ಕಾಯಿದೆಯ ಸ್ವರೂಪ ಗಮನಾರ್ಹವಾದುದು. ಜಮೀನಿನ ಒಡೆತನ ರೈತನಲ್ಲಿಯೇ ಉಳಿಯುತ್ತದೆ. ಆದರೆ ಕೊಳವೆ ಹಾದ ಪಟ್ಟಿಯಲ್ಲಿ ಅವನು ಮನೆ ಕಟ್ಟುವಂತಿಲ್ಲ, ಬಾವಿ ಕೆರೆಗಳನ್ನು ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬಳಕೆಯ ಹಕ್ಕಿಗಾಗಿ ಅವನಿಗೆ ಸಲ್ಲುವುದು ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡ 10. ಬೆಳೆ ಮುಂತಾದವುಗಳ ನಷ್ಟಕ್ಕೆ ಪರಿಹಾರ ಬೇರೆ. ಕೊಳವೆಯನ್ನು ಪರೀಕ್ಷಿಸುವುದಕ್ಕೂ ದುರಸ್ತಿ ಮಾಡುವುದಕ್ಕೂ ಸೂಕ್ತ ಸೂಚನೆ ಕೊಟ್ಟು ಜಮೀನನ್ನು ಪ್ರವೇಶಿಸುವ ಅಧಿಕಾರ ಸಂಸ್ಥೆಗೆ ಉಂಟು. ಇಲ್ಲಿ ಒಂದು ಭೇದವನ್ನು ಅರಿಯತಕ್ಕದ್ದು. ಕಾಯಿದೆ ಕೊಟ್ಟದ್ದು ಪರೀಕ್ಷಿಸುವ ಹಕ್ಕನ್ನು, ಪರೀಕ್ಷಿಸಲೇಬೇಕೆಂಬ ಹೊಣೆಯನ್ನಲ್ಲ. ರೈತನಿಂದ ಕೊಳವೆಗೆ ಅಪಾಯವಾಗದಂತೆ ಅದು ಕಟ್ಟುಪಾಡು ಮಾಡಿತು. ಕೊಳವೆಯ ಸವೆತದಿಂದ ರೈತನಿಗೆ ಒದಗಬಹುದಾದ ಅಪಾಯದ ವಿಷಯದಲ್ಲಿ ಮೌನ ತಾಳಿತು.

ಹಾಗೆಂದು ತುಕ್ಕಿನ ವಿಷಯದಲ್ಲಿ ಯಾವ ಏರ್ಪಾಡೂ ಇರಲಿಲ್ಲವೆಂದು ಹೇಳಿದರೆ ತಪ್ಪಾದೀತು. 1934ರ ಪೆಟ್ರೋಲಿಯಂ ಕಾಯಿದೆಯ ಮೇರೆಗೆ ಸ್ಫೋಟಕಗಳ ಇಲಾಖೆಗೆ ಮೇಲ್ವಿಚಾರಣೆಯ ಅಧಿಕಾರವಿದ್ದಿತು. 1986ರಲ್ಲಿ ಸ್ಥಾಪಿತವಾದ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯವು ಕೊಳವೆಗಳ ನಿರ್ಮಾಣಕ್ಕೆ 141ನೆಯ ಮಾನಕವನ್ನೂ ತಪಾಸಣೆಗೆ 138ನೆಯ ಮಾನಕವನ್ನೂ ರಚಿಸಿತು. ಆದರೆ ಮಾನಕವನ್ನು ಮೀರಿದವರಿಗೆ ದಂಡ ವಿಧಿಸುವ ಸ್ವತಂತ್ರ ಮಂಡಳಿ ಬಂದದ್ದು 2006ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಕಾಯಿದೆಯಿಂದ. ಅದರ 28ನೆಯ ಪ್ರಕರಣವು ಒಂದು ಉಲ್ಲಂಘನೆಗೆ 1 ಕೋಟಿ ರೂಪಾಯಿಗಳವರೆಗೂ, ಉಲ್ಲಂಘನೆ ಮುಂದುವರಿದರೆ ದಿನಕ್ಕೆ 10 ಲಕ್ಷದವರೆಗೂ ದಂಡಕ್ಕೆ ಅವಕಾಶ ಮಾಡಿತು. ಅನಿಲ ಕೊಳವೆಗಳ ತಾಂತ್ರಿಕ ಮತ್ತು ಸುರಕ್ಷತಾ ನಿಯಮಗಳು 2009ರಲ್ಲಿಯೂ ತೈಲ ಕೊಳವೆಗಳವು 2016ರಲ್ಲಿಯೂ ಪ್ರಕಟವಾದವು. ಮಂಗಳೂರು-ಬೆಂಗಳೂರು ಮಾರ್ಗಕ್ಕೆ ಆಗ 13 ವರ್ಷ ತುಂಬಿದ್ದಿತು.

ಈ ವಿಳಂಬದ ಮಹತ್ತ್ವವನ್ನು ತಿಳಿಯಲು ನೆರೆಯ ಆಂಧ್ರಪ್ರದೇಶದತ್ತ ನೋಡಬೇಕು. 2014ರ ಜೂನ್ 27ರಂದು ಗೋದಾವರಿ ಸೀಮೆಯ ನಗರಂ ಗ್ರಾಮದಲ್ಲಿ ಗೇಲ್ ಸಂಸ್ಥೆಯ ಅನಿಲ ಕೊಳವೆ ಒಡೆದು ಬೆಂಕಿ ಹತ್ತಿ 20ಕ್ಕೂ ಹೆಚ್ಚು ಜನರು ಮಡಿದರು. ಅನಿಲದೊಡನೆ ನೀರೂ ದ್ರವಾಂಶವೂ ಸೇರಿ ಕೊಳವೆಯನ್ನು ಒಳಗಿನಿಂದ ತಿಂದುಹಾಕಿದ್ದವೆಂದು ತನಿಖೆಯಿಂದ ತಿಳಿದುಬಂದಿತು. ಅನಿಲ ಕೊಳವೆಗಳ ನಿಯಮಗಳು ಆ ವೇಳೆಗೆ ಜಾರಿಯಲ್ಲಿದ್ದವು ಎಂಬುದನ್ನು ಮರೆಯಬಾರದು. ನಿಯಮವಿರುವುದು ಬೇರೆ, ಅದರ ಪಾಲನೆಯನ್ನು ಹೊರಗಿನವರೊಬ್ಬರು ನೋಡುವುದು ಬೇರೆ. ಮೂರನೆಯ ಪಕ್ಷದವರಿಂದ ತಪಾಸಣೆ ನಡೆಸುವ ನಿಯಮಗಳನ್ನು ಮಂಡಳಿಯು 2015ರಲ್ಲಿ ಮಾಡಿದುದು ಈ ದೃಷ್ಟಿಯಿಂದ ಉಚಿತವಾಗಿದೆ.

ಬೆಂಗಳೂರಿನ ಪಶ್ಚಿಮಭಾಗದ ಓದುಗರಿಗೆ ಈ ಪ್ರಶ್ನೆ ದೂರದ್ದೆಂದು ತೋರಬೇಕಾಗಿಲ್ಲ. ದಾಭೋಳದಿಂದ ಬರುವ ಅನಿಲಮಾರ್ಗವು 2013ರಲ್ಲಿ ಕೆಂಗೇರಿಗೆ ಆಚೆಯ ಬಿಡದಿಯನ್ನು ಮುಟ್ಟಿತು. ವಿಜಯನಗರದ ಮೂಲಕ ಹೋಗುವ ಮೆಟ್ರೋ ಮಾರ್ಗವು 2021ರಲ್ಲಿ ಕೆಂಗೇರಿಯವರೆಗೆ ವಿಸ್ತಾರವಾಯಿತು. ಈ ಮೆಟ್ರೋ 750 ವೋಲ್ಟಿನ ಏಕಮುಖ ವಿದ್ಯುತ್ತಿನಿಂದ ಓಡುತ್ತದೆ. ಇಂತಹ ವ್ಯವಸ್ಥೆಯಲ್ಲಿ ಹಳಿಗಳ ಮೂಲಕ ಹಿಂತಿರುಗುವ ವಿದ್ಯುತ್ತಿನ ಸ್ವಲ್ಪ ಭಾಗ ನೆಲಕ್ಕೆ ಸೋರಿದರೆ, ಹತ್ತಿರದ ಲೋಹದ ಕೊಳವೆಯನ್ನು ಹೊಕ್ಕು, ಹೊರಬೀಳುವ ಸ್ಥಳದಲ್ಲಿ ಅದನ್ನು ಸವೆಸಬಲ್ಲುದು. ಇದು ಹೊಸ ಸಮಸ್ಯೆಯಲ್ಲ. ವಿದ್ಯುತ್ ಟ್ರಾಮುಗಳಿಂದ ನೀರಿನ ಮತ್ತು ಅನಿಲದ ಕೊಳವೆಗಳು ಕೆಡದಿರಲೆಂದು ಬ್ರಿಟನ್ನಿನ ವ್ಯಾಪಾರ ಮಂಡಳಿಯು 1894ರಲ್ಲಿಯೇ ಹಳಿಯ ಯಾವ ಎರಡು ಬಿಂದುಗಳ ನಡುವೆಯೂ 7 ವೋಲ್ಟಿಗಿಂತ ಹೆಚ್ಚು ಅಂತರವಿರಕೂಡದೆಂದು ವಿಧಿಸಿತ್ತು. ಅಳತೆಯನ್ನು ಗೊತ್ತುಮಾಡಿ, ಹಳಿಯ ಒಡೆಯನ ಮೇಲೆ ಹೊಣೆ ಹೊರಿಸಿ, ಕೊಳವೆಯ ಒಡೆಯನನ್ನು ರಕ್ಷಿಸಿದ ಈ ಕ್ರಮವು ನಮ್ಮ 1962ರ ಕಾಯಿದೆಗಿಂತ 68 ವರ್ಷ ಹಿಂದಿನದು.

ಒಟ್ಟಿನಲ್ಲಿ ಹೇಳುವುದಾದರೆ, ನಮ್ಮಲ್ಲಿ ಕೊಳವೆಯನ್ನು ಜನರಿಂದ ಕಾಪಾಡುವ ಕಾಯಿದೆ ಮೊದಲು ಬಂದಿತು. ಜನರನ್ನು ಕೊಳವೆಯಿಂದ ಕಾಪಾಡಲು ದಂಡಾಧಿಕಾರವುಳ್ಳ ಮಂಡಳಿ 44 ವರ್ಷಗಳ ತರುವಾಯ ಬಂದಿತು. ತುಕ್ಕು ನಿವಾರಣೆಯ ಪಾಲನೆಯೆಂಬುದು ಕೊನೆಗೆ ಒಂದು ದಾಖಲೆ ಪುಸ್ತಕದ ಪ್ರಶ್ನೆ: ಅಳತೆಯನ್ನು ಯಾರು ಬರೆದರು, ಬರೆದವರಲ್ಲದೆ ಮತ್ತಾರು ಅದನ್ನು ಓದಿದರು ಎಂಬುದೇ ಅದರ ತಿರುಳು. ಭೂಮಿಯ ಹಕ್ಕನ್ನು ಪಡೆಯುವಾಗ ಗ್ರಾಮ ಗ್ರಾಮದ ಸರ್ವೆ ನಂಬರನ್ನೂ ರಾಜ್ಯಪತ್ರದಲ್ಲಿ ಅಚ್ಚುಮಾಡುತ್ತಾರೆ. ತನ್ನ ಸರ್ವೆ ನಂಬರನ್ನು ಅಲ್ಲಿ ಕಂಡ ರೈತನಿಗೆ, ಅದೇ ನೆಲದಡಿಯ ಕೊಳವೆಯ ಅಳತೆಯೂ ಅಷ್ಟೇ ಸುಲಭವಾಗಿ ಕಾಣಸಿಗುವುದು ನ್ಯಾಯ. ಆ ಅಧಿಸೂಚನೆಗಳನ್ನೂ ತಪಾಸಣೆಯ ವರದಿಗಳನ್ನೂ ಜೊತೆಯಲ್ಲಿಟ್ಟು ಓದುವ ಕೆಲಸ ನಮ್ಮ ಸಂಶೋಧಕ ವಿದ್ಯಾರ್ಥಿಗಳಿಗೆ ಕಾದಿದೆ.